ಲಿನಕ್ಸ್ ಅಪ್‌ಗ್ರೇಡ್ ಆದ ಮೇಲೆ ವೈಫೈ, ಸೌಂಡು, ಪ್ರಿಂಟರು ಯಾಕೆ ಕೈಕೊಡ್ತವೆ

"ನಿನ್ನೆ ರಾತ್ರಿವರೆಗೆ ಸರಿ ಇತ್ತು ಮಾರಾಯ್ರೆ, ಬೆಳಿಗ್ಗೆ ನೋಡಿದ್ರೆ ವೈಫೈ ಇಲ್ಲ." ಈ ತರದ ಫೋನು ಬಂದಾಗ ನಮ್ಮೂರಲ್ಲಿ ಮೊದಲ ಸಂಶಯ ಸಿಡಿಲಿನ ಮೇಲೆ. ಅದು ತಪ್ಪೂ ಅಲ್ಲ. ಮೇ ತಿಂಗಳಲ್ಲಿ ಮಳೆ ಶುರುವಾಗುವ ಮೊದಲು, ಮತ್ತೆ ಅಕ್ಟೋಬರಲ್ಲಿ ಮಳೆ ಹಿಂದೆ ಸರಿಯುವಾಗ, ಸಂಜೆ ಆಯ್ತು ಅಂದ್ರೆ ಘಟ್ಟದ ಕಡೆ ಕಪ್ಪು ಕಟ್ಟಿ ಗುಡುಗು ಶುರು, ಆಮೇಲೆ ಮೋಡೆಮ್ ಹೋಯ್ತು, ಲ್ಯಾನ್ ಪೋರ್ಟ್ ಹೋಯ್ತು, ಸೆಟ್ ಟಾಪ್ ಬಾಕ್ಸ್ ಹೋಯ್ತು ಅಂತ ಕೇಳದ ಮನೆ ಮಂಗಳೂರಿಂದ ಕುಂದಾಪುರದವರೆಗೆ ಇರ್ಲಿಕ್ಕಿಲ್ಲ. ಹಾಗಾಗಿ ಕಂಪ್ಯೂಟರಲ್ಲಿ ಏನು ಕೆಟ್ರೂ ಸಿಡಿಲಿನ ಲೆಕ್ಕಕ್ಕೆ ಹಾಕಿ, ಹೊಸ ಕಾರ್ಡ್ ತಂದು ಕೂರಿಸುದು ನಮಗೆ ಅಭ್ಯಾಸ ಆಗಿ ಹೋಗಿದೆ.

ಕದ್ರಿ ಹತ್ತಿರ ಒಂದು ಸಣ್ಣ ಆಫೀಸಲ್ಲಿ ಹೀಗೇ ಆದದ್ದು ಹೇಳ್ತೇನೆ, ಯಾಕಂದ್ರೆ ಅದರಲ್ಲಿ ಒಂದು ತಮಾಷೆ ಉಂಟು. ರಾತ್ರಿ ಜೋರು ಗುಡುಗು, ಕರೆಂಟು ಹೋಯ್ತು, ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ಅದೂ ಮಲಗಿತು. ಬೆಳಿಗ್ಗೆ ಡೆಸ್ಕ್‌ಟಾಪ್ ಆನ್ ಮಾಡಿದ್ರೆ ವೈಫೈ ಐಕಾನೇ ಮಾಯ. ಅವರು ಆಗ್ಲೇ ಹೊಸ ಡಾಂಗಲ್ ಆರ್ಡರ್ ಮಾಡಿಬಿಟ್ಟಿದ್ರು. ನೋಡಿದ್ರೆ ಕಾರ್ಡಿಗೆ ಏನೂ ಆಗಿಲ್ಲ. ಆ ಕಂಪ್ಯೂಟರಲ್ಲಿ ವಿಂಡೋಸಿನ ಬದಲು ಲಿನಕ್ಸ್ ಇತ್ತು, ಅದು ಸೆಕ್ಯೂರಿಟಿ ಅಪ್‌ಡೇಟುಗಳನ್ನು ತನ್ನಷ್ಟಕ್ಕೇ ಹಾಕಿಕೊಳ್ತಾ ಇತ್ತು, ಹೊಸ ಕರ್ನಲ್, ಅಂದ್ರೆ ಇಡೀ ಸಿಸ್ಟಮನ್ನು ನಡೆಸುವ ಮೂಲ ಪ್ರೋಗ್ರಾಮ್, ಬಂದು ಕೂತು ಎಷ್ಟೋ ದಿನ ಆಗಿತ್ತು, ಆದ್ರೆ ಆಫೀಸಿನವರು ಯಾವಾಗಲೂ ಸ್ಕ್ರೀನ್ ಮಾತ್ರ ಆಫ್ ಮಾಡಿ ಹೋಗುದು, ಕಂಪ್ಯೂಟರ್ ರೀಸ್ಟಾರ್ಟ್ ಆದದ್ದೇ ಇಲ್ಲ. ಲಿನಕ್ಸಲ್ಲಿ ಹೊಸ ಕರ್ನಲ್ ಇನ್‌ಸ್ಟಾಲ್ ಆದ್ರೂ ರೀಸ್ಟಾರ್ಟ್ ಆಗುವವರೆಗೆ ಓಡುದು ಹಳೇದೇ. ಸಿಡಿಲು ಮಾಡಿದ್ದು ಇಷ್ಟೇ, ಕರೆಂಟು ತೆಗೆದು ರೀಸ್ಟಾರ್ಟ್ ಮಾಡಿಸಿದ್ದು. ಹೊಸ ಕರ್ನಲ್ ಎದ್ದಿತು, ಆ ಕಾರ್ಡನ್ನು ನಡೆಸುವ ಸಣ್ಣ ಪ್ರೋಗ್ರಾಮ್, ಅಂದ್ರೆ ಡ್ರೈವರ್, ಹೊಸ ಕರ್ನಲಿಗೆ ತಯಾರಾಗಿರ್ಲಿಲ್ಲ, ವೈಫೈ ಇಲ್ಲ.

ಅಂದ್ರೆ ಅಪ್‌ಗ್ರೇಡ್ ಆದ ದಿನ ಒಂದು, ಕೆಟ್ಟ ದಿನ ಇನ್ನೊಂದು. "ನಾನು ಎಂತದ್ದೂ ಮಾಡ್ಲಿಲ್ಲ" ಅಂತ ಹೇಳುವವರು ಸುಳ್ಳು ಹೇಳುದಲ್ಲ, ಅವರು ನಿಜವಾಗಿ ಏನೂ ಮಾಡ್ಲಿಲ್ಲ. ಅದಕ್ಕೇ ನಾನು ಮೊದಲು ನೋಡುದು ಪ್ಯಾಕೇಜುಗಳನ್ನು, ಅಂದ್ರೆ ಸಾಫ್ಟ್‌ವೇರ್ ಕಟ್ಟುಗಳನ್ನು, ಹಾಕುವ ಆಪ್ಟ್ ಅನ್ನುವ ಪ್ರೋಗ್ರಾಮಿನ ಹಿಸ್ಟರಿ ಲಾಗ್. ಯಾವ ದಿನ ಯಾವ ಪ್ಯಾಕೇಜ್ ಎಷ್ಟರಿಂದ ಎಷ್ಟಕ್ಕೆ ಹೋಯ್ತು ಅಂತ ತಾರೀಕು, ಗಂಟೆ ಸಮೇತ ಅದರಲ್ಲಿ ಉಂಟು. ಆಮೇಲೆ ಟರ್ಮಿನಲಲ್ಲಿ, ಅಂದ್ರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಯುನೇಮ್ ಅಂತ ಹೊಡೆದು ಸ್ಪೇಸ್ ಕೊಟ್ಟು ಮೈನಸ್ ಆರ್. ಈಗ ಓಡ್ತಾ ಇರುವ ಕರ್ನಲ್ ಯಾವುದು ಅಂತ ಒಂದು ಸಾಲಲ್ಲಿ ಹೇಳ್ತದೆ.

ಮತ್ತೆ ಮಾಡುವ ಪರೀಕ್ಷೆ ಒಂದೇ, ಇದು ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕುದು ಬೇಡ ಅಂತ ನಾನು ಹೇಳುದು. ರೀಸ್ಟಾರ್ಟ್ ಮಾಡಿ, ಕಂಪೆನಿಯ ಲೋಗೋ ಹೋಗುವಾಗ ಎಸ್ಕೇಪ್ ಕೀ ಒತ್ತಿ, ಹಳೇ ಬಯಾಸ್ ಕಂಪ್ಯೂಟರ್ ಆದ್ರೆ ಶಿಫ್ಟ್ ಒತ್ತಿ ಹಿಡೀಬೇಕು, ಯಾವ ಕರ್ನಲ್ ಎಬ್ಬಿಸುದು ಅಂತ ಕೇಳುವ ಗ್ರಬ್ ಮೆನು ಬರ್ತದೆ. ಅದರಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್ ಅಂತ ಎರಡನೇ ಸಾಲು. ಒಳಗೆ ಹೋದ್ರೆ ಹೊಸ ಕರ್ನಲಿನ ಕೆಳಗೆ ಹಳೇ ಕರ್ನಲ್ ಕೂಡ ಇರ್ತದೆ, ಅದನ್ನು ಆರಿಸಿ ಎಂಟರ್. ಅದರಲ್ಲಿ ವೈಫೈ ಬಂತಾ? ಬಂದ್ರೆ ಕಾರ್ಡ್ ಸರಿ ಉಂಟು, ಸಿಡಿಲಿಗೆ ಇದರಲ್ಲಿ ಪಾಲಿಲ್ಲ, ನೀವು ಅಂಗಡಿಗೆ ಹೋಗುದು ಬೇಡ. ಇವತ್ತಿನ ಕೆಲಸವೂ ನಿಲ್ಲುದಿಲ್ಲ, ಹಳೇ ಕರ್ನಲಲ್ಲೇ ಮುಗಿಸಿ, ಹೊಸದರ ಕಥೆ ಪುರುಸೊತ್ತಲ್ಲಿ ನೋಡುವ. ಬರ್ಲಿಲ್ಲಾಂದ್ರೆ ತೊಂದರೆ ಇನ್ನೊಂದು ಕಡೆ, ಅದಕ್ಕೆ ಆಮೇಲೆ ಬರ್ತೇನೆ. ಒಂದು ಮಾತು ನೆನಪಿಡಿ, ಈ ಪರೀಕ್ಷೆ ಆಗುವವರೆಗೆ ಬೇಡದ ಹಳೇ ಪ್ಯಾಕೇಜುಗಳನ್ನು ಅಳಿಸುವ ಆಟೋರಿಮೂವ್ ಕಮಾಂಡ್ ಹೊಡೀಬೇಡಿ, ಜಾಗ ಖಾಲಿ ಮಾಡ್ಲಿಕ್ಕೆ ಅಂತ ಅದನ್ನು ಹೊಡೆದು ಹಳೇ ಕರ್ನಲ್ ಕಳಕೊಂಡವರು ತುಂಬಾ ಜನ ಇದ್ದಾರೆ.

ಈಗ ಇದು ಯಾಕೆ ಹೀಗೆ ಆಗ್ತದೆ ಅಂತ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಈ ಕರ್ನಲಿಗೆ ಒಂದು ಕಟ್ಟುನಿಟ್ಟಿನ ನಿಯಮ ಉಂಟು, ಹೊಸ ಕರ್ನಲ್ ಬಂತು ಅಂತ ಹಳೇ ಪ್ರೋಗ್ರಾಮು ನಿಲ್ಲಬಾರದು. ಯಾರಾದ್ರೂ ಹಾಗೆ ಮಾಡಿದ್ರೆ ಅವರಿಗೆ ಲಿನಸ್ ಕೈಯಲ್ಲಿ ಸಿಗುವ ಬೈಗುಳ ಇಡೀ ಲೋಕಕ್ಕೆ ಗೊತ್ತುಂಟು. ಆದ್ರೆ ಆ ಭರವಸೆ ಕೊಟ್ಟದ್ದು ಪ್ರೋಗ್ರಾಮುಗಳಿಗೆ, ಡ್ರೈವರುಗಳಿಗಲ್ಲ. ಕರ್ನಲಿನ ಒಳಗೆ ಡ್ರೈವರು ಮತ್ತು ಉಳಿದ ಭಾಗ ಮಾತಾಡಿಕೊಳ್ಳುವ ಕ್ರಮ ಇದೆಯಲ್ಲ, ಅದು ಯಾವಾಗ ಬೇಕಾದ್ರೂ ಬದಲಾಗಬಹುದು. ಇದು ಮರೆತು ಹೋದದ್ದಲ್ಲ, ಬೇಕೂಂತಲೇ ಇಟ್ಟದ್ದು. ಸ್ಟೇಬಲ್ ಕರ್ನಲುಗಳನ್ನು ನೋಡಿಕೊಳ್ಳುವ ಗ್ರೆಗ್ ಕ್ರೋವಾ ಹಾರ್ಟ್‌ಮನ್ ಇದರ ಬಗ್ಗೆ ಒಂದು ಬರಹವನ್ನೇ ಬರೆದು ಕರ್ನಲಿನ ಡಾಕ್ಯುಮೆಂಟೇಶನ್ ಒಳಗೆ ಇಟ್ಟಿದ್ದಾರೆ. ಅವರ ವಾದ ಎಂತದ್ದೂಂದ್ರೆ, ನಿಮಗೆ ಬೇಕಾದ್ದು ಬದಲಾಗದ ಒಳಕ್ರಮ ಅಲ್ಲ, ಯಾವಾಗಲೂ ಕೆಲಸ ಮಾಡುವ ಡ್ರೈವರು, ಅದು ಬೇಕಾದ್ರೆ ನಿಮ್ಮ ಡ್ರೈವರಿನ ಕೋಡನ್ನು ಕರ್ನಲ್ ಒಳಗೇ ತಂದು ಸೇರಿಸಿ. ಒಳಗೆ ಇದ್ರೆ, ಯಾರು ಕ್ರಮ ಬದಲು ಮಾಡ್ತಾರೋ ಅವರೇ ಅದನ್ನು ಬಳಸುವ ಎಲ್ಲಾ ಡ್ರೈವರುಗಳನ್ನೂ ಸರಿ ಮಾಡಿ ಕೊಡ್ಬೇಕು, ಅದು ಅಲ್ಲಿಯ ನಿಯಮ.

ಯಕ್ಷಗಾನ ನೋಡುವವರಿಗೆ ಇದು ಸುಲಭ. ಮೇಳದ ಕಲಾವಿದನಾದ್ರೆ, ಇವತ್ತು ಆ ಪದ್ಯ ಬಿಡುವ, ಇದನ್ನು ಎತ್ತುವ ಅಂತ ಭಾಗವತರು ಚೌಕಿಯಲ್ಲೇ ಹೇಳಿ ಆಗಿರ್ತದೆ. ಅತಿಥಿಯಾಗಿ ಬಂದು ನೇರ ರಂಗಸ್ಥಳಕ್ಕೆ ಹತ್ತಿದವನಿಗೆ ಪದ್ಯ ಬದಲಾದದ್ದು ಗೊತ್ತಾಗುದು ಚೆಂಡೆ ಬಿದ್ದ ಮೇಲೆಯೇ. ಅವನು ಕಲಾವಿದ ಚೆಂದದವನೇ ಇರಬಹುದು, ಆದ್ರೆ ಅವತ್ತು ಆಟ ಕೆಡ್ತದೆ. ಕರ್ನಲಿನ ಹೊರಗೆ ಇರುವ ಡ್ರೈವರುಗಳು ಹೀಗೆ. ಮತ್ತೆ ಕರ್ನಲಿನ ಹೊಸ ಆವೃತ್ತಿ ಬರುದು ಸುಮಾರು ಒಂಬತ್ತು ಹತ್ತು ವಾರಕ್ಕೆ ಒಮ್ಮೆ.

ಹಾಗಾಗಿ ನಿಮ್ಮ ಕಂಪ್ಯೂಟರಲ್ಲಿ ಮುಂದಿನ ಅಪ್‌ಗ್ರೇಡಿಗೆ ಯಾವುದು ಕೈಕೊಡಬಹುದು ಅಂತ ಮೊದಲೇ ಅಂದಾಜು ಮಾಡ್ಲಿಕ್ಕೆ ಆಗ್ತದೆ. ಪ್ರಶ್ನೆ ಒಂದೇ, ಇದರ ಡ್ರೈವರ್ ಇರುದು ಎಲ್ಲಿ, ಒಳಗಾ ಹೊರಗಾ? ಟರ್ಮಿನಲಲ್ಲಿ ಎಲ್‌ಎಸ್‌ಪಿಸಿಐ, ಸ್ಪೇಸ್, ಮೈನಸ್ ಕೆ ಅಂತ ಹೊಡೀರಿ. ಪ್ರತಿ ಸಾಮಾನಿನ ಹೆಸರಿನ ಕೆಳಗೆ ಕರ್ನಲ್ ಡ್ರೈವರ್ ಇನ್ ಯೂಸ್ ಅಂತ ಒಂದು ಸಾಲು ಬರ್ತದೆ, ಎದುರಿಗೆ ಡ್ರೈವರಿನ ಹೆಸರು. ಸಾಮಾನು ಪಟ್ಟಿಯಲ್ಲಿ ಉಂಟು, ಈ ಸಾಲು ಮಾತ್ರ ಇಲ್ಲ ಅಂದ್ರೆ ಕಾರ್ಡ್ ಬದುಕಿದೆ, ಅದನ್ನು ನೋಡಿಕೊಳ್ಳುವ ಡ್ರೈವರ್ ಬಂದಿಲ್ಲ ಅಂತ ಅರ್ಥ. ಸಾಮಾನೇ ಪಟ್ಟಿಯಲ್ಲಿ ಇಲ್ಲ, ಹಳೇ ಕರ್ನಲಲ್ಲೂ ಇಲ್ಲ ಅಂದ್ರೆ ಆಗ ಸಿಡಿಲಿನ ಮೇಲೆ ಸಂಶಯ ಪಡಿ.

ಹೊರಗಿನ ಡ್ರೈವರುಗಳಿಗೆ ಇರುವ ದಾರಿ ಡಿಕೆಎಂಎಸ್. ಇದು ಡೆಲ್ ಕಂಪೆನಿಯವರು ಮಾಡಿದ್ದು. ಹೊಸ ಕರ್ನಲ್ ಬಂದಾಗಲೆಲ್ಲ ಡ್ರೈವರಿನ ಕೋಡನ್ನು ನಿಮ್ಮ ಕಂಪ್ಯೂಟರಲ್ಲೇ ಹೊಸದಾಗಿ ಕಂಪೈಲ್ ಮಾಡಿ, ಅಂದ್ರೆ ಓಡುವ ರೂಪಕ್ಕೆ ತಂದು, ಕೂರಿಸ್ತದೆ. ಕೇಳ್ಲಿಕ್ಕೆ ಚೆಂದ. ಆದ್ರೆ ಕಂಪೈಲ್ ಆಗ್ಬೇಕಾದ್ರೆ ಆ ಕರ್ನಲಿನ ಒಳಕ್ರಮದ ವಿವರ ಇರುವ ಹೆಡರ್ಸ್ ಪ್ಯಾಕೇಜ್ ಬೇಕು. ಕೆಲವರು ಎಲ್ಲೋ ನೋಡಿ ಅವತ್ತಿನ ಕರ್ನಲ್ ನಂಬ್ರದ ಹೆಡರ್ಸ್ ಮಾತ್ರ ಹಾಕಿರ್ತಾರೆ, ಹೊಸ ಕರ್ನಲ್ ಬರುವಾಗ ಅದರ ಹೆಡರ್ಸ್ ಬರುದಿಲ್ಲ, ಡಿಕೆಎಂಎಸ್ ಸುಮ್ಮನೆ ಕೈ ಕಟ್ಟಿ ಕೂರ್ತದೆ. ಕದ್ರಿಯ ಆಫೀಸಲ್ಲಿ ಆದದ್ದು ಇದೇ. ನಂಬ್ರ ಇಲ್ಲದ ಲಿನಕ್ಸ್ ಹೆಡರ್ಸ್ ಜೆನರಿಕ್ ಅಂತ ಒಂದು ಪ್ಯಾಕೇಜ್ ಉಂಟು, ಅದನ್ನು ಹಾಕಿದ್ರೆ ಪ್ರತಿ ಕರ್ನಲಿನ ಜೊತೆ ಹೆಡರ್ಸ್ ತಾನಾಗಿ ಬರ್ತದೆ. ಹಾಕಿ ಆಯ್ತು, ಕಂಪೈಲ್ ಆಯ್ತು, ರೀಸ್ಟಾರ್ಟ್, ವೈಫೈ ಬಂತು. ಆರ್ಡರ್ ಮಾಡಿದ ಡಾಂಗಲ್ ಆಮೇಲೆ ಬಂದು ಡ್ರಾಯರಲ್ಲಿ ಬಿದ್ದಿದೆ.

ಎರಡನೇದ್ದು, ಕೋಡೇ ಹಳತಾಗಿ ಕಂಪೈಲ್ ಆಗದೇ ಇರುದು. 2010ರಿಂದ 2015ರವರೆಗಿನ ಲ್ಯಾಪ್‌ಟಾಪುಗಳಲ್ಲಿ ಬ್ರಾಡ್‌ಕಾಮ್ ವೈಫೈ ಚಿಪ್ ಧಾರಾಳ, ಅದರಲ್ಲಿ ಕೆಲವಕ್ಕೆ ಕಂಪೆನಿಯ ಡಬ್ಲ್ಯುಎಲ್ ಡ್ರೈವರೇ ಬೇಕು. ಕಂಪೆನಿ ಅದನ್ನು ಕೊನೆಯದಾಗಿ ಬಿಡುಗಡೆ ಮಾಡಿದ್ದು 2015ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಅದು ಹೊಸ ಕರ್ನಲುಗಳಲ್ಲಿ ಓಡ್ತಾ ಇರುದು ಡೆಬಿಯನ್, ಉಬುಂಟು ಅನ್ನುವ ಲಿನಕ್ಸ್ ಸಿಸ್ಟಮುಗಳ ಕಡೆಯ ಜನ ಪ್ರತಿ ಸಲ ತೇಪೆ ಹಾಕ್ತಾ ಬಂದದ್ದರಿಂದ. ಆ ತೇಪೆ ಒಂದು ವಾರ ತಡ ಆದ್ರೆ ಆ ಒಂದು ವಾರ ನಿಮಗೆ ವೈಫೈ ಇಲ್ಲ. ಗ್ರಾಫಿಕ್ಸ್ ಕಾರ್ಡಿನ ಎನ್‌ವಿಡಿಯಾ ಕಂಪೆನಿಯದ್ದೂ ಇದೇ ಗೋಳು, ಇನ್ನೂ ದೊಡ್ಡ ಮಟ್ಟದಲ್ಲಿ. 2012ರಲ್ಲಿ ಫಿನ್‌ಲ್ಯಾಂಡಲ್ಲಿ ಒಂದು ಮಾತುಕತೆಯಲ್ಲಿ ಲಿನಸ್ ಕ್ಯಾಮೆರಾಕ್ಕೆ ನಡುಬೆರಳು ತೋರಿಸಿದ್ದು ಈ ಕಂಪೆನಿಗೇ, ವಿಡಿಯೋ ನೋಡದವರು ಕಡಿಮೆ. 2022ರ ಮೇ ತಿಂಗಳಲ್ಲಿ ಅವರು ಕರ್ನಲ್ ಮಾಡ್ಯೂಲಿನ, ಅಂದ್ರೆ ಕರ್ನಲಿಗೆ ಬಂದು ಸೇರುವ ಡ್ರೈವರ್ ತುಂಡಿನ, ಕೋಡನ್ನು ತೆರೆದಿಟ್ಟರು, ಒಳ್ಳೇದಾಯ್ತು, ಆದ್ರೆ ಅದು ಟ್ಯೂರಿಂಗ್ ಅನ್ನುವ ತಲೆಮಾರು ಮತ್ತೆ ಅದರ ನಂತರದ ಕಾರ್ಡುಗಳಿಗೆ ಮಾತ್ರ. ಹಳೇ ಫರ್ಮಿ ಕಾರ್ಡುಗಳ 390 ಡ್ರೈವರಿಗೆ ಕಂಪೆನಿಯ ಬೆಂಬಲ 2022ರ ಕೊನೆಗೆ ಮುಗೀತು. ಇಲ್ಲಿ ಫ್ಲೆಕ್ಸ್ ಪ್ರಿಂಟ್ ಮಾಡುವವರ ಹತ್ರ, ಮದುವೆ ವಿಡಿಯೋ ಎಡಿಟ್ ಮಾಡುವವರ ಹತ್ರ ಜಿಟಿಎಕ್ಸ್ 1050, 1060 ಇನ್ನೂ ಉಂಟಲ್ಲ, ಆ ಪಾಸ್ಕಲ್ ಕಾರ್ಡುಗಳಿಗೆ 580 ನಂಬ್ರದ ಡ್ರೈವರ್ ಸಾಲೇ ಕೊನೆ. ಅವರು ಅಪ್‌ಗ್ರೇಡ್ ಒತ್ತುವ ಮೊದಲು ಹೊಸ ಸಿಸ್ಟಮಲ್ಲಿ 580 ಸಿಗ್ತದಾ ಅಂತ ನೋಡಿಯೇ ಒತ್ತಬೇಕು. ಇಲ್ಲಾಂದ್ರೆ ಕರ್ನಲಿನ ಒಳಗೇ ಇರುವ ನೂವೋ ಡ್ರೈವರ್ ಬಂದು ಕೂರ್ತದೆ, ಸ್ಕ್ರೀನ್ ಕಾಣ್ತದೆ, ಆದ್ರೆ ಎಡಿಟಿಂಗ್ ಮಾಡ್ಲಿಕ್ಕೆ ಹೋದ್ರೆ ಅಳು ಬರ್ತದೆ.

ಮೂರನೇದ್ದು ನೀಲಿ ಸ್ಕ್ರೀನ್. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳ್ತೇನೆ, ಯಾಕಂದ್ರೆ ಇದರಲ್ಲಿ ಎಡವದವರು ಇಲ್ಲ. ಈಗಿನ ಕಂಪ್ಯೂಟರುಗಳಲ್ಲಿ ಸೆಕ್ಯೂರ್ ಬೂಟ್ ಆನ್ ಇರ್ತದೆ, ಅದು ಆನ್ ಇದ್ರೆ ಸಹಿ ಇಲ್ಲದ ಮಾಡ್ಯೂಲನ್ನು ಉಬುಂಟು, ಡೆಬಿಯನ್ ಕರ್ನಲುಗಳು ಒಳಗೆ ಬಿಡುದಿಲ್ಲ. ನಿಮ್ಮ ಕಂಪ್ಯೂಟರಲ್ಲೇ ಕಂಪೈಲ್ ಆದ ಡ್ರೈವರಿಗೆ ಸಹಿ ಹಾಕ್ಲಿಕ್ಕೆ ನಿಮ್ಮದೇ ಒಂದು ಕೀ ಬೇಕು, ಆ ಕೀ ನನ್ನದೇ ಹೌದು ಅಂತ ಮದರ್‌ಬೋರ್ಡಿಗೆ ಒಮ್ಮೆ ನೀವು ಎದುರು ಕೂತು ಹೇಳ್ಬೇಕು. ಉಬುಂಟುವಲ್ಲಿ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳ್ತದೆ, ಹೆಚ್ಚಿನವರು ಲಾಗಿನ್ ಪಾಸ್‌ವರ್ಡ್ ಅಂತ ತಿಳ್ಕೊಂಡು ಏನೋ ಒಂದು ಹೊಡೆದು ಮುಂದೆ ಹೋಗ್ತಾರೆ. ಮುಂದಿನ ಸಲ ಆನ್ ಮಾಡುವಾಗ ಕಡು ನೀಲಿ ಸ್ಕ್ರೀನ್, ಯಾವುದಾದ್ರೂ ಕೀ ಒತ್ತಿ ಅಂತ ಬರ್ದಿರ್ತದೆ, ಹತ್ತು ಸೆಕೆಂಡ್ ಕೆಳಗೆ ಎಣಿಸ್ತಾ ಇರ್ತದೆ. ನೀವು ಆಗ ಚಾ ತರ್ಲಿಕ್ಕೆ ಹೋಗಿರ್ತೀರಿ. ಹತ್ತು ಸೆಕೆಂಡ್ ಆಯ್ತು, ಅದು ಮಾಮೂಲಿನ ಹಾಗೆ ಬೂಟ್ ಆಯ್ತು, ಕೀ ಸೇರ್ಲಿಲ್ಲ, ಡ್ರೈವರ್ ಲೋಡ್ ಆಗುದಿಲ್ಲ. ಎದುರಿಗೇ ಇದ್ದವರೂ ನೀಲಿ ಬಣ್ಣ ನೋಡಿ ಹೆದರಿ, ಮೇಲಿನ ಕಂಟಿನ್ಯೂ ಬೂಟ್ ಒತ್ತಿ ತಪ್ಪಿಸಿಕೊಳ್ತಾರೆ. ಒತ್ತಬೇಕಾದ್ದು ಅದರ ಕೆಳಗಿನ ಎನ್‌ರೋಲ್ ಎಂಒಕೆ, ಅಂದ್ರೆ ನಿಮ್ಮ ಕೀ ಸೇರಿಸುದು. ಆಮೇಲೆ ಕಂಟಿನ್ಯೂ, ಆಮೇಲೆ ಯೆಸ್, ಆಮೇಲೆ ಆ ಮೊದಲು ಕೊಟ್ಟ ಪಾಸ್‌ವರ್ಡ್, ಆಮೇಲೆ ರೀಬೂಟ್. ಒಮ್ಮೆ ಆದ್ರೆ ಸಾಕು, ಮುಂದಿನ ಕರ್ನಲುಗಳಿಗೆ ಅದೇ ಕೀಯಿಂದ ಸಹಿ ಬೀಳ್ತದೆ. ಕೀ ರಿಜೆಕ್ಟೆಡ್ ಅಂತ ಎರರ್ ಕಂಡ್ರೆ ಹುಡುಕಬೇಕಾದ ಜಾಗ ಇದೇ, ಡ್ರೈವರನ್ನು ಪುನಃ ಪುನಃ ಇನ್‌ಸ್ಟಾಲ್ ಮಾಡಿ ಎಂತ ಪ್ರಯೋಜನವೂ ಇಲ್ಲ.

ಇಷ್ಟು ಹೊರಗಿನವರ ಕಥೆ. ಒಳಗೇ ಇದ್ದ ಡ್ರೈವರು ಕೈಕೊಡುದಿಲ್ಲವಾ ಅಂತ ಕೇಳಿದ್ರೆ, ಕೊಡ್ತದೆ, ಕಾರಣ ಬೇರೆ. ಹೆಚ್ಚಿನ ಸಲ ಫರ್ಮ್‌ವೇರ್. ವೈಫೈ ಚಿಪ್ ಒಳಗೆ ಓಡುವ ಸಣ್ಣ ಪ್ರೋಗ್ರಾಮ್ ಅದು, ಬೂಟ್ ಆಗುವಾಗ ಡ್ರೈವರು ಅದನ್ನು ಡಿಸ್ಕಿಂದ ಎತ್ತಿ ಚಿಪ್ಪಿಗೆ ಕಳಿಸ್ತದೆ. ಕರ್ನಲಿನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಕಮಾಂಡ್ ಹೊಡೆದು ಫರ್ಮ್‌ವೇರ್ ಅಂತ ಹುಡುಕಿದ್ರೆ ಲೋಡ್ ಫೇಲ್ಡ್, ಎರರ್ ಮೈನಸ್ 2 ಅಂತ ಸಾಲು ಕಾಣಬಹುದು. ಮೈನಸ್ 2 ಅಂದ್ರೆ ಆ ಫೈಲೇ ಇಲ್ಲ ಅಂತ ಅಷ್ಟೇ. ಅಂತ ಸಾಲು ಒಂದೆರಡು ಇದ್ದು ಕೊನೆಗೆ ಬೇರೆ ಹಳೇ ಫೈಲ್ ಸಿಕ್ಕಿ ಲೋಡ್ ಆದ್ರೆ ತಲೆಬಿಸಿ ಬೇಡ, ಇಂಟೆಲ್ ವೈಫೈ ಹಾಗೆ ಹೊಸದರಿಂದ ಹಳೇದಕ್ಕೆ ಒಂದೊಂದೇ ಹುಡುಕ್ತಾ ಇಳೀತದೆ.

ಡೆಬಿಯನ್ ಬಳಸುವವರು ಇಲ್ಲಿ ಸಿಕ್ಕಿಬೀಳುದು. 2023ರ ಜೂನಲ್ಲಿ ಬಂದ ಡೆಬಿಯನ್ 12ರಲ್ಲಿ ಫರ್ಮ್‌ವೇರುಗಳನ್ನು ನಾನ್ ಫ್ರೀ ಅನ್ನುವ ವಿಭಾಗದಿಂದ ತೆಗೆದು ನಾನ್ ಫ್ರೀ ಫರ್ಮ್‌ವೇರ್ ಅನ್ನುವ ಹೊಸ ವಿಭಾಗದಲ್ಲಿ ಇಟ್ಟರು. ಹೊಸದಾಗಿ ಇನ್‌ಸ್ಟಾಲ್ ಮಾಡುವವರಿಗೆ ಅದರಿಂದ ಉಪಕಾರವೇ, ಮೊದಲ ದಿನವೇ ವೈಫೈ ಬರ್ತದೆ. ಆದ್ರೆ 11ರಿಂದ ಅಪ್‌ಗ್ರೇಡ್ ಮಾಡಿದವರ ಸೋರ್ಸಸ್ ಲಿಸ್ಟಲ್ಲಿ, ಅಂದ್ರೆ ಪ್ಯಾಕೇಜ್ ಎಲ್ಲಿಂದ ತರುದು ಅಂತ ಬರೆದಿಟ್ಟ ಫೈಲಲ್ಲಿ, ಹೊಸ ವಿಭಾಗದ ಹೆಸರು ಇರುದಿಲ್ಲ, ಕರ್ನಲ್ 5.10ರಿಂದ 6.1ಕ್ಕೆ ಹಾರ್ತದೆ, ಫರ್ಮ್‌ವೇರ್ ಮಾತ್ರ ಹಳೇ ಜಾಗದಲ್ಲೇ ಬಾಕಿ. ಆ ಹೆಸರು ಸೇರಿಸಿ ಅಪ್‌ಡೇಟ್, ಆಮೇಲೆ ಅಪ್‌ಗ್ರೇಡ್ ಕೊಟ್ರೆ ಮುಗೀತು. ಇದು ರಿಲೀಸ್ ನೋಟಲ್ಲೇ ಬರೆದಿದ್ದಾರೆ. ರಿಲೀಸ್ ನೋಟ್ ಓದುವವರು ಕೈ ಎತ್ತಿ ಅಂದ್ರೆ ಎಷ್ಟು ಕೈ ಏಳ್ತದೆ ಅಂತ ನಾನು ಪರೀಕ್ಷೆ ಮಾಡುದಿಲ್ಲ.

ಅದೇ 6.1ರಲ್ಲಿ ಬ್ರೈಟ್‌ನೆಸ್‌ದ್ದೂ ಒಂದು ಪುರಾಣ ಆಯ್ತು. ಮೊದಲೆಲ್ಲ ಒಂದೇ ಸ್ಕ್ರೀನಿಗೆ ಕರ್ನಲು ಎರಡೆರಡು ಬ್ಯಾಕ್‌ಲೈಟ್, ಅಂದ್ರೆ ಬೆಳಕು ಹೆಚ್ಚು ಕಡಿಮೆ ಮಾಡುವ ಹಿಡಿ, ತೋರಿಸ್ತಾ ಇತ್ತು, ಮದರ್‌ಬೋರ್ಡಿನ ಎಸಿಪಿಐ ವ್ಯವಸ್ಥೆಯದ್ದು ಒಂದು, ಇಂಟೆಲ್ ಗ್ರಾಫಿಕ್ಸಿದ್ದು ಒಂದು, ಯಾವುದನ್ನು ತಿರುಗಿಸುದು ಅಂತ ಡೆಸ್ಕ್‌ಟಾಪ್ ಆರಿಸಿಕೊಳ್ತಿತ್ತು. ಆಗ ರೆಡ್ ಹ್ಯಾಟ್ ಕಂಪೆನಿಯಲ್ಲಿದ್ದ ಹಾನ್ಸ್ ಡೆ ಗೂಡೆ ಅದನ್ನೆಲ್ಲ ಸಾಫ್ ಮಾಡಿ, ಇನ್ನು ಕರ್ನಲೇ ಒಂದನ್ನು ಆರಿಸಿ ಅದನ್ನು ಮಾತ್ರ ತೋರಿಸಲಿ ಅಂತ ಮಾಡಿದ್ರು. ಸರಿಯಾದ ಕೆಲಸವೇ. ಆದ್ರೆ ಕೆಲವು ಹಳೇ ಮಾಡೆಲುಗಳಲ್ಲಿ ಆರಿಸಿದ್ದು ತಪ್ಪಿತು. ಕೀ ಒತ್ತಿದ್ರೆ ಸ್ಕ್ರೀನಲ್ಲಿ ಪಟ್ಟಿ ಮೇಲೆ ಕೆಳಗೆ ಹೋಗ್ತದೆ, ಬೆಳಕು ಮಾತ್ರ ಇದ್ದಲ್ಲೇ. ಇಂಥದ್ದು ಕಂಡ್ರೆ ಗ್ರಬ್‌ನಲ್ಲಿ ಎಸಿಪಿಐ ಅಂಡರ್‌ಸ್ಕೋರ್ ಬ್ಯಾಕ್‌ಲೈಟ್ ಈಕ್ವಲ್ ಟು ನೇಟಿವ್ ಅಂತ ಕೊಟ್ಟು ನೋಡಿ, ಆಗ್ಲಿಲ್ಲಾಂದ್ರೆ ವಿಡಿಯೋ, ಅದೂ ಆಗ್ಲಿಲ್ಲಾಂದ್ರೆ ವೆಂಡರ್. ಮೊದಲು ಗ್ರಬ್ ಮೆನುವಿನಲ್ಲಿ ಇ ಒತ್ತಿ ಆ ಒಂದು ಬೂಟಿಗೆ ಮಾತ್ರ ಬರೆದು ಪರೀಕ್ಷೆ ಮಾಡುದು ಸೇಫು, ಸರಿ ಆದ್ರೆ ಮಾತ್ರ ಖಾಯಂ ಮಾಡಿ. ಸಸ್ಪೆಂಡಿಂದ ಏಳದ ಲ್ಯಾಪ್‌ಟಾಪುಗಳಿಗೂ ಹೆಚ್ಚು ಕಡಿಮೆ ಇದೇ ಕ್ರಮ, ಅಲ್ಲಿ ನೋಡಬೇಕಾದ್ದು ಮೆಮ್ ಸ್ಲೀಪ್ ಅನ್ನುವ ಫೈಲಲ್ಲಿ ಡೀಪ್, ಅಂದ್ರೆ ಆಳದ ನಿದ್ರೆ, ಅಂತ ಉಂಟಾ ಇಲ್ಲವಾ ಅಂತ. ಹೊಸ ಲ್ಯಾಪ್‌ಟಾಪುಗಳಲ್ಲಿ ತುಂಬಾ ಸಲ ಅದು ಇರುದೇ ಇಲ್ಲ, ಕಂಪೆನಿಯವರೇ ಕೊಟ್ಟಿಲ್ಲ, ಲಿನಕ್ಸಿಗೆ ಬೈದು ಪ್ರಯೋಜನ ಇಲ್ಲ.

ಈಗ ಆ ಬಿಟ್ಟ ಮಾತಿಗೆ ಬರುವ, ಹಳೇ ಕರ್ನಲಲ್ಲೂ ಸರಿ ಆಗ್ಲಿಲ್ಲ ಅಂದ್ರೆ. ಹಾಗಾದ್ರೆ ತೊಂದರೆ ಕರ್ನಲಿನ ಮೇಲಿನ ಪದರದಲ್ಲಿ ಇರಬಹುದು, ಅಥವಾ ಫರ್ಮ್‌ವೇರಲ್ಲಿ, ಯಾಕಂದ್ರೆ ಫರ್ಮ್‌ವೇರ್ ಪ್ಯಾಕೇಜ್ ಎರಡೂ ಕರ್ನಲಿಗೆ ಒಂದೇ. ಸೌಂಡು ಇದಕ್ಕೆ ಒಳ್ಳೆ ಉದಾಹರಣೆ. ಉಬುಂಟು 22.10ರಲ್ಲಿ ಪಲ್ಸ್ ಆಡಿಯೋ ಅನ್ನುವ ಸೌಂಡ್ ಪ್ರೋಗ್ರಾಮ್ ಬಿಟ್ಟು ಪೈಪ್‌ವೈರ್ ಅನ್ನುವ ಹೊಸದಕ್ಕೆ ಹೋಯ್ತು, 22.04ರಿಂದ 24.04ಕ್ಕೆ ಹಾರಿದವರಿಗೆ ಇಡೀ ಸೌಂಡ್ ವ್ಯವಸ್ಥೆಯೇ ಬದಲು. ಸೆಟ್ಟಿಂಗಲ್ಲಿ ಸ್ಪೀಕರ್ ಹೆಸರಿನ ಜಾಗದಲ್ಲಿ ಡಮ್ಮಿ ಔಟ್‌ಪುಟ್ ಅಂತ ಬರುದನ್ನು ನೀವು ನೋಡಿರಬಹುದು.

ಇಲ್ಲಿ ಒಂದು ವಿಷಯ ಯಾರೂ ನೋಡುದಿಲ್ಲ. 2020ರಲ್ಲಿ ಸೌಂಡ್ ಬರ್ಲಿಲ್ಲ ಅಂತ ಯಾರೋ ಹೇಳಿದ ಸಾಲನ್ನು, ಯಾವ ಡ್ರೈವರ್ ಲೋಡ್ ಆಗಬೇಕು ಅಂತ ಹೇಳುವ ಮೋಡ್‌ಪ್ರೋಬ್ ಫೋಲ್ಡರಿನ ಫೈಲಲ್ಲಿ ಬರೆದಿರ್ತೀರಿ, ಇಂಥ ಮಾಡ್ಯೂಲ್ ಬ್ಲಾಕ್‌ಲಿಸ್ಟ್ ಮಾಡು, ಹಳೇ ಡ್ರೈವರನ್ನೇ ಬಳಸು ಅಂತ. ಅವತ್ತು ಅದು ಸರಿ ಇತ್ತು. ಅಪ್‌ಗ್ರೇಡ್ ಆ ಫೈಲನ್ನು ಮುಟ್ಟುದಿಲ್ಲ, ನಿಮ್ಮ ಫೈಲ್ ಅಲ್ವಾ, ಮುಟ್ಟಬಾರದು ಕೂಡ. ಈಗ ಹೊಸ ಕರ್ನಲಲ್ಲಿ ಸರಿಯಾದ ಡ್ರೈವರ್ ಬಂದಿದೆ, ಆದ್ರೆ ನಿಮ್ಮ ಹಳೇ ಸಾಲು ಬಾಗಿಲಲ್ಲೇ ನಿಂತು ಅದನ್ನು ತಡೀತಾ ಉಂಟು, ಸ್ಪೀಕರ್ ಬಂದ್ರೂ ಮೈಕ್ ಬರುದಿಲ್ಲ. ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ಸೆಟ್ ಮಾಡಿದ ಲ್ಯಾಪ್‌ಟಾಪುಗಳಲ್ಲಿ ನಾನು ಈಗಲೂ ಇದನ್ನೇ ನೋಡುದು. ಹಾಗಾಗಿ ಹೊಸ ಉಪಾಯ ಹುಡುಕುವ ಮೊದಲು ಆ ಫೋಲ್ಡರ್ ತೆರೆದು ಹಳೇ ಉಪಾಯಗಳನ್ನು ಬೇರೆ ಕಡೆ ತೆಗೆದಿಟ್ಟು ಒಮ್ಮೆ ಬೂಟ್ ಮಾಡಿ ನೋಡಿ.

ಪ್ರಿಂಟರ್ ಬಗ್ಗೆ ಹೇಳದಿದ್ರೆ ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡ್ ಸುತ್ತಮುತ್ತಲಿನ ಜೆರಾಕ್ಸ್ ಅಂಗಡಿಯವರು ನನ್ನನ್ನು ಬಿಡ್ಲಿಕ್ಕಿಲ್ಲ. ಎಚ್‌ಪಿ ಲೇಸರ್‌ಜೆಟ್ 1020, ಗಟ್ಟಿ ಪ್ರಿಂಟರು, ಆದ್ರೆ ಅದರ ಫರ್ಮ್‌ವೇರ್ ಅದರ ಒಳಗೆ ಉಳಿಯುದಿಲ್ಲ, ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರು ಕಳಿಸ್ಬೇಕು. ಆ ಫೈಲ್ ಇರುದು ಎಚ್‌ಪಿಲಿಪ್ ಅನ್ನುವ ಎಚ್‌ಪಿಯ ಲಿನಕ್ಸ್ ಪ್ರಿಂಟರ್ ಸಾಫ್ಟ್‌ವೇರಿನ ಪ್ಲಗಿನಲ್ಲಿ, ಪ್ಲಗಿನ್ ನಂಬ್ರ ಮತ್ತು ಎಚ್‌ಪಿಲಿಪ್ ನಂಬ್ರ ಒಂದೇ ಇರ್ಬೇಕು. ಸಿಸ್ಟಮ್ ಅಪ್‌ಗ್ರೇಡ್ ಆದಾಗ ಎಚ್‌ಪಿಲಿಪ್ ಮುಂದೆ ಹೋಗ್ತದೆ, ಪ್ಲಗಿನ್ ಹಿಂದೆ ಉಳೀತದೆ. ಪ್ರಿಂಟ್ ಕೊಟ್ರೆ ಕ್ಯೂವಿಂದ ಹೋಯ್ತು ಅಂತ ತೋರಿಸ್ತದೆ, ಪೇಪರ್ ಮಾತ್ರ ಅಲುಗಾಡುದಿಲ್ಲ. ಎಚ್‌ಪಿ ಹೈಫನ್ ಪ್ಲಗಿನ್ ಅಂತ ಹೊಡೆದು ಹೊಸ ಪ್ಲಗಿನ್ ಇಳಿಸಿದ್ರೆ ಆಯ್ತು, ನೆಟ್ ಒಂದು ಬೇಕು. ಕ್ಯಾನನ್ ಎಲ್‌ಬಿಪಿ 2900 ಇದಕ್ಕಿಂತ ಕಷ್ಟ, ಕಂಪೆನಿಯ ಕ್ಯಾಪ್ಟ್ ಡ್ರೈವರಿಗೆ 32 ಬಿಟ್ ಲೈಬ್ರರಿಗಳೂ ಬೇಕು, ಅಪ್‌ಗ್ರೇಡಲ್ಲಿ ಅವು ಕಿತ್ತು ಹೋದ್ರೆ ಪುನಃ ಹಾಕಬೇಕು. ಕಾಲೇಜು ಅಡ್ಮಿಷನ್ ಸಮಯದಲ್ಲಿ ಅಂಗಡಿಯ ಪ್ರಿಂಟಿಂಗ್ ಕಂಪ್ಯೂಟರ್ ಅಪ್‌ಗ್ರೇಡ್ ಮಾಡ್ಲಿಕ್ಕೇ ಹೋಗ್ಬೇಡಿ ಅಂತ ನಾನು ಹೇಳುದು, ಆಷಾಢದವರೆಗೆ ಕಾಯಿರಿ, ಆಗ ಹೇಗೂ ವ್ಯಾಪಾರ ಕಡಿಮೆ.

ಅಪ್‌ಗ್ರೇಡಿಂದ ಸಾಮಾನು ನಿಜವಾಗಿ ಹಾಳಾದದ್ದು ಇಲ್ಲವೇ ಇಲ್ಲವಾ? ಉಂಟು, ಅಪರೂಪಕ್ಕೆ. 2008ರಲ್ಲಿ ಕರ್ನಲ್ 2.6.27 ಇನ್ನೂ ಪರೀಕ್ಷೆಯಲ್ಲಿದ್ದಾಗ ಇಂಟೆಲಿನ ಗಿಗಾಬಿಟ್ ನೆಟ್‌ವರ್ಕ್ ಕಾರ್ಡುಗಳು ಸಾಯ್ತಾ ಬಂದವು, ಕಾರ್ಡಿನ ಒಳಗಿನ ಮೆಮರಿಯೇ ಅಳಿಸಿ ಹೋಗ್ತಿತ್ತು, ವಿಂಡೋಸ್ ಹಾಕಿದ್ರೂ ಏಳುದಿಲ್ಲ. ಎಲ್ಲರೂ ಇ1000ಇ ಡ್ರೈವರನ್ನು ಬೈದ್ರು. ಕೊನೆಗೆ ಸಿಕ್ಕಿಬಿದ್ದದ್ದು ಎಫ್‌ಟ್ರೇಸ್, ನೆಟ್‌ವರ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ, ಕರ್ನಲಿನ ಫಂಕ್ಷನುಗಳ ಓಡಾಟ ನೋಡುವ ಸಾಧನ ಅದು, ತಾನು ಮೊದಲು ಗುರುತು ಮಾಡಿಟ್ಟ ಮೆಮರಿ ಜಾಗ ಆಮೇಲೆ ಕಾರ್ಡಿನ ಪಾಲಾದದ್ದು ಗೊತ್ತಿಲ್ಲದೆ ಅಲ್ಲಿಗೆ ಬರೆದಿತ್ತು. ಇನ್ನೊಂದು 2017ರ ಡಿಸೆಂಬರ್, ಉಬುಂಟು 17.10 ಹಾಕಿದ ಕೆಲವು ಲೆನೊವೊ ಲ್ಯಾಪ್‌ಟಾಪುಗಳಲ್ಲಿ ಬಯಾಸ್ ಸೆಟ್ಟಿಂಗ್ ಸೇವೇ ಆಗ್ತಿರ್ಲಿಲ್ಲ, ಇಂಟೆಲ್ ಎಸ್‌ಪಿಐ ಡ್ರೈವರಿನ ಕೆಲಸ ಅದು, ಕ್ಯಾನೋನಿಕಲ್‌ನವರು ಡೌನ್‌ಲೋಡನ್ನೇ ಹಿಂದಕ್ಕೆ ತೆಗೆದು ಜನವರಿಯಲ್ಲಿ ಪುನಃ ಕೊಟ್ರು. ಇಷ್ಟು ವರ್ಷದಲ್ಲಿ ಇಂಥದ್ದು ಬೆರಳೆಣಿಕೆಯಷ್ಟು, ಹಾಗಾಗಿ ಅಪ್‌ಗ್ರೇಡಿಗೆ ಹೆದರಿ ಕೂರುವ ಜಾತಿಯವನು ನಾನಲ್ಲ, ಆದ್ರೆ ಬೀಟಾ ಆವೃತ್ತಿಯನ್ನು ಕೆಲಸದ ಕಂಪ್ಯೂಟರಿಗೆ ಹಾಕುದು ಬೇಡ.

ಎಲ್‌ಟಿಎಸ್, ಅಂದ್ರೆ ತುಂಬಾ ವರ್ಷ ಬೆಂಬಲ ಇರುವ ಆವೃತ್ತಿ, ಹಾಕಿದ್ದೇನೆ, ನನಗೆ ಇದೆಲ್ಲ ಬರುದಿಲ್ಲ ಅಂತ ಕೂತವರಿಗೆ ಒಂದು ಮಾತು. ಉಬುಂಟು 24.04 ಬಂದದ್ದು 6.8 ಕರ್ನಲಿನ ಜೊತೆ. ಡೆಸ್ಕ್‌ಟಾಪಲ್ಲಿ ಹೊಸ ಹಾರ್ಡ್‌ವೇರಿಗಾಗಿ ಹೊಸ ಕರ್ನಲ್ ತರುವ ಎಚ್‌ಡಬ್ಲ್ಯುಇ ಅನ್ನುವ ಸಾಲು ಹಾಕಿದ್ದಿದ್ರೆ 2025ರಲ್ಲಿ ಅದೇ 24.04ರಲ್ಲಿ ಮೊದಲು 6.11, ಆಮೇಲೆ 6.14 ಬಂತು. ಹೆಸರು ಅದೇ, ವಾಲ್‌ಪೇಪರ್ ಅದೇ, ಒಳಗಿನ ಕರ್ನಲ್ ಬೇರೆ. ಹೊಸ ಲ್ಯಾಪ್‌ಟಾಪಿಗೆ ಅದು ಬೇಕು, ಹಳೇದಕ್ಕೆ ಬೇಡ. ಹಳೇ ಕಂಪ್ಯೂಟರಿನವರು ಲಿನಕ್ಸ್ ಜೆನರಿಕ್ ಅನ್ನುವ ಪ್ಯಾಕೇಜ್ ಹಾಕಿ, ಎಚ್‌ಡಬ್ಲ್ಯುಇದನ್ನು ತೆಗೆದ್ರೆ 6.8ರಲ್ಲೇ ಇರಬಹುದು, ಸೆಕ್ಯೂರಿಟಿ ತೇಪೆಗಳು ಅದಕ್ಕೂ ಬರ್ತಾ ಇರ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಲಿನಕ್ಸಿಗೆ ಬಂದವರಲ್ಲಿ ಹೆಚ್ಚಿನವರದ್ದು ಇಂಥ ಹಳೇ ಕಂಪ್ಯೂಟರುಗಳೇ.

ಪಕ್ಕದ ಕಾಸರಗೋಡಿಗೆ ಹೋಗಿ ನೋಡಿ, ಅಲ್ಲಿಯ ಕನ್ನಡ ಮೀಡಿಯಂ ಶಾಲೆಗಳ ಲ್ಯಾಬಲ್ಲೂ ಗ್ನೂ ಲಿನಕ್ಸೇ. ಮೊದಲು ಕೇರಳ ಸರಕಾರದ ಐಟಿ ಅಟ್ ಸ್ಕೂಲ್ ಯೋಜನೆ ಅಂತ ಇತ್ತು, 2017ರಿಂದ ಅದೇ ಕೈಟ್ ಅನ್ನುವ ಸಂಸ್ಥೆ. ಸಿಸ್ಟಮ್ ತಯಾರು ಮಾಡುದೂ ಅವರೇ, ಶಾಲೆಗಳಿಗೆ ಕಂಪ್ಯೂಟರ್ ಕೊಡುವ ವ್ಯವಸ್ಥೆಯೂ ಅವರದ್ದೇ ಆದ ಕಾರಣ ಯಾವ ಯಂತ್ರದಲ್ಲಿ ಓಡಬೇಕು ಅಂತ ಅವರಿಗೆ ಮೊದಲೇ ಗೊತ್ತಿರ್ತದೆ. ನಮ್ಮ ಮನೆ, ಅಂಗಡಿಯಲ್ಲಿ ಆ ಪರೀಕ್ಷೆ ನಾವೇ ಮಾಡ್ಬೇಕು.

ಅದು ಕಷ್ಟ ಇಲ್ಲ. ಹೊಸ ಆವೃತ್ತಿಯ ಐಎಸ್‌ಒ, ಅಂದ್ರೆ ಇನ್‌ಸ್ಟಾಲ್ ಮಾಡುವ ಫೈಲ್, ಇಳಿಸಿ ಪೆನ್‌ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಿ ಟ್ರೈ ಅಂತ ಕೊಡಿ, ಡಿಸ್ಕಿಗೆ ಏನೂ ಆಗುದಿಲ್ಲ. ವೈಫೈ ಕನೆಕ್ಟ್ ಆಗ್ತದಾ, ಸ್ಪೀಕರ್, ಮೈಕ್ ಎರಡೂ ಉಂಟಾ, ಬ್ರೈಟ್‌ನೆಸ್ ಕೀ, ಟಚ್‌ಪ್ಯಾಡ್, ಕ್ಯಾಮೆರಾ, ಬ್ಲೂಟೂತ್ ಹೆಡ್‌ಸೆಟ್, ಮುಚ್ಚಿ ತೆರೆದ್ರೆ ಏಳ್ತದಾ. ಎಲ್ಲಾ ಸರಿ ಇದ್ರೆ ಕರ್ನಲ್ ಒಳಗಿನ ಡ್ರೈವರುಗಳ ಮಟ್ಟಿಗೆ ನಿಶ್ಚಿಂತೆ. ಡಿಕೆಎಂಎಸ್ ಸ್ಟೇಟಸ್ ಅಂತ ಹೊಡೆದಾಗ ಕಾಣುವ ಹೆಸರುಗಳಿಗೆ, ಎನ್‌ವಿಡಿಯಾಕ್ಕೆ, ಪ್ರಿಂಟರ್ ಪ್ಲಗಿನಿಗೆ ಮಾತ್ರ ಈ ಪರೀಕ್ಷೆ ಸಾಕಾಗುದಿಲ್ಲ, ಅವನ್ನು ಒಂದು ಕಾಗದದಲ್ಲಿ ಬರೆದಿಟ್ಟು, ಹೊಸ ಆವೃತ್ತಿಯ ರಿಲೀಸ್ ನೋಟಲ್ಲಿ ಒಂದೊಂದೇ ಹುಡುಕಿ. ಹುಡುಕುವಾಗ ಸಿಗ್ಲಿಲ್ಲಾಂದ್ರೆ ಅಪ್‌ಗ್ರೇಡ್ ಒಂದು ತಿಂಗಳು ಮುಂದೆ ಹಾಕಿ, ಮತ್ತೆ ವೈಫೈ ಹೋದ್ರೆ ಫೋನನ್ನು ಯುಎಸ್‌ಬಿ ಕೇಬಲಲ್ಲಿ ಚುಚ್ಚಿ ಟೆದರಿಂಗ್ ಆನ್ ಮಾಡಿದ್ರೆ ನೆಟ್ ಸಿಗ್ತದೆ, ಡ್ರೈವರ್ ಇಳಿಸ್ಲಿಕ್ಕೆ ಅಷ್ಟು ಸಾಕು.